ನೂತನೋದ್ಯಮವೂ ಸಹಕಾರವೂ

(ಶ್ರೀಮಠದ ಮಹೋತ್ಸವದ ನಿಮಿತ್ತ ಗುಡೂರಿನಲ್ಲಿ ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)





ಈ ಮಂಗಲಪ್ರಸಂಗದಲ್ಲಿ ನಗರಗಳ ನೂತನೋದ್ಯಮಗಳನ್ನೂ ಅವುಗಳಲ್ಲಿ ನಡೆಯತಕ್ಕ ಸಹಕಾರವನ್ನೂ ಕುರಿತು ನಾಲ್ಕು ಮಾತುಗಳನ್ನು ಆಡಬೇಕೆಂದು ವ್ಯವಸ್ಥಾಪಕ ಮಂಡಲಿಯವರು ನನಗೆ ಅಪ್ಪಣೆ ಮಾಡಿರುವರು. ವಿಷಯವು ನಗರದ್ದು, ಸಭೆಯು ಮಗ್ಗದ ಊರಿನದು. ಇವೆರಡಕ್ಕೂ ಏನು ಸಂಬಂಧವೆಂದು ತಮ್ಮಲ್ಲಿ ಕೆಲವರಿಗೆ ಅನಿಸುವದು ಸಹಜ. ಆದರೆ ಈ ಊರಿನ ಎಷ್ಟೋ ಮನೆಗಳ ಮಕ್ಕಳು ಈಗ ಬೆಂಗಳೂರು ಪುಣೆಗಳಲ್ಲಿರುವರು. ಅವರು ಹಬ್ಬಕ್ಕೆ ಬಂದಾಗ ಆಡುವ ಮಾತುಗಳಲ್ಲಿ 'ಸ್ಟಾರ್ಟಪ್' ಎಂಬ ಶಬ್ದವು ಆಗಾಗ ಕೇಳಿಬರುವದು. ಆ ಶಬ್ದದ ಅರ್ಥವನ್ನು ನಾವು ತಿಳಿದುಕೊಳ್ಳದಿದ್ದರೆ ನಮ್ಮ ಮಕ್ಕಳ ಬಾಳು ನಮಗೆ ಪರದೇಶವಾಗುವದು. ತಿಳಿದುಕೊಂಡರೆ, ಅವರಲ್ಲಿ ಕೆಲವರಾದರೂ ತಮ್ಮ ಸಾಹಸವನ್ನು ಇಲ್ಲಿಯೇ ನಡೆಯಿಸಲಿಕ್ಕೆ ಆಸ್ಪದವಾಗಬಹುದು. ಅದು ಕಾರಣ ಈ ವಿಷಯವು ನಮಗೂ ಸಂಬಂಧಪಟ್ಟದ್ದೇ ಆಗಿರುವದು.

ಮೊದಲು ಶಬ್ದದ ಅರ್ಥವನ್ನು ನೋಡೋಣ. ಪೇಟೆಯಲ್ಲಿ ಹೊಸದೊಂದು ಕಿರಾಣಿ ಅಂಗಡಿಯನ್ನು ತೆರೆದರೆ ಅದು ಹೊಸ ಅಂಗಡಿಯು ನಿಜ. ಆದರೆ ಅದನ್ನು ನೂತನೋದ್ಯಮವೆಂದು ಕರೆಯುವ ವಾಡಿಕೆಯಿಲ್ಲ. ಅಂಗಡಿಯನ್ನು ಹೇಗೆ ನಡೆಯಿಸಬೇಕೆಂಬುದು ಊರಿಗೇ ಗೊತ್ತಿರುವ ಸಂಗತಿ. ಯಾವುದರ ದಾರಿಯು ಇನ್ನೂ ಯಾರಿಗೂ ಗೊತ್ತಿಲ್ಲವೋ, ಯಾವ ಪದಾರ್ಥವನ್ನು ಇಲ್ಲವೆ ಸೇವೆಯನ್ನು ಜನರು ಕೊಂಡಾರೆಂಬ ಭರವಸೆಯು ಇನ್ನೂ ಹುಟ್ಟಿಲ್ಲವೋ, ಆದರೂ ಫಲಿಸಿದರೆ ಬಹಳ ಜನರಿಗೆ ಹಬ್ಬಬಹುದಾದದ್ದು ಯಾವುದೋ, ಅದು ನೂತನೋದ್ಯಮವು. ಇಂಥ ಸಾಹಸಗಳಲ್ಲಿ ಗೆಲ್ಲುವವು ಕೆಲವು, ಬೀಳುವವು ಹಲವು. ಬಿತ್ತಿದ ಕಾಳೆಲ್ಲ ತೆನೆಯಾಗುವದಿಲ್ಲವೆಂಬುದನ್ನು ಒಕ್ಕಲಿಗನು ಬಲ್ಲನು. ಆದರೂ ಅವನು ಬಿತ್ತದೆ ಇರುವದಿಲ್ಲ. ಆದರೆ ಬಿತ್ತುವವನೊಬ್ಬನೇ ನಷ್ಟವನ್ನೆಲ್ಲ ಹೊರಬೇಕೆಂದರೆ ಎರಡನೆಯ ವರ್ಷ ಕೂರಿಗೆಯು ಹೊಲಕ್ಕೆ ಇಳಿಯಲಾರದು. ಆದುದರಿಂದ ನೂತನೋದ್ಯಮಕ್ಕೆ ಬುದ್ಧಿಯು ಎಷ್ಟು ಅವಶ್ಯವೋ, ನಷ್ಟವನ್ನು ಹಂಚಿಕೊಳ್ಳುವ ನೆರೆಹೊರೆಯು ಅದಕ್ಕಿಂತ ಅವಶ್ಯವಾಗಿರುವದು.

ಆ ನೆರೆಹೊರೆಯಲ್ಲಿ ಯಾರಾರು ಇರುವರು? ಸಾಹಸಿಯು ಮೊದಲಿಗನು. ವಿದ್ಯೆಯನ್ನೂ ಪರೀಕ್ಷಾಶಾಲೆಯನ್ನೂ ಒದಗಿಸುವ ವಿದ್ಯಾಸಂಸ್ಥೆಯು ಎರಡನೆಯದು. ಸೋಲನ್ನು ಸಹಿಸಬಲ್ಲ ಬಂಡವಲುಗಾರನು ಮೂರನೆಯವನು. ಕಾಯದೆಯನ್ನು ಸರಳಮಾಡಿ ನೆಲ ನೀರು ವಿದ್ಯುಚ್ಛಕ್ತಿಗಳನ್ನು ಕೊಡುವ ಸರಕಾರವು ನಾಲ್ಕನೆಯದು. ಮಾರ್ಗವನ್ನು ತೋರಿಸಿ ಮೊದಲ ಗಿರಾಕಿಯಾಗುವ ಹಳೆಯ ಉದ್ಯಮವು ಐದನೆಯದು. ಕೊಂಡು ಬಳಸಿ, ದೋಷವನ್ನು ಬಾಯಿಬಿಟ್ಟು ಹೇಳುವ ಗ್ರಾಹಕನು ಆರನೆಯವನು. ಈ ಆರೂ ಜನರು ಒಂದೇ ಊರಿನಲ್ಲಿದ್ದ ಮಾತ್ರಕ್ಕೆ ಸಹಕಾರವಾಯಿತೆಂದು ಹೇಳಲಾಗದು. ಬಣ್ಣ ಬಣ್ಣದ ನೂಲಿನ ಲಡಿಗಳನ್ನು ಒಂದೇ ಪೆಟ್ಟಿಗೆಯಲ್ಲಿ ತುಂಬಿದ ಮಾತ್ರಕ್ಕೆ ಸೀರೆಯಾಗುವದಿಲ್ಲವಷ್ಟೆ!

ಬೆಂಗಳೂರಿನ ಉದಾಹರಣೆಯನ್ನು ತೆಗೆದುಕೊಳ್ಳೋಣ. ಆ ನಗರವು ನಿನ್ನೆ ಮೊನ್ನೆ ಗಣಕಯಂತ್ರಗಳಿಂದ ದೊಡ್ಡದಾಯಿತೆಂದು ಹಲವರು ತಿಳಿದಿರುವರು. ಅದರ ಬೇರುಗಳು ಆಳವಾಗಿರುವವು. ಜಮಶೇಟಜಿ ಟಾಟಾ ಅವರ ದಾನಸಂಕಲ್ಪವೂ ಮೈಸೂರು ಅರಸುಮನೆತನವು ಕೊಟ್ಟ ಭೂಮಿಯೂ ಕೂಡಿದ್ದರಿಂದ 1909ರಲ್ಲಿ ಭಾರತೀಯ ವಿಜ್ಞಾನಮಂದಿರವು ಅಲ್ಲಿ ಸ್ಥಾಪಿತವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1913ರಲ್ಲಿ ಮೈಸೂರು ಬ್ಯಾಂಕೂ 1916ರಲ್ಲಿ ವಾಣಿಜ್ಯ ಮಂಡಲಿಯೂ ಹುಟ್ಟಿದವು. 1940ರಲ್ಲಿ ವಾಲಚಂದ ಹೀರಾಚಂದರ ಸಾಹಸಕ್ಕೆ ಮೈಸೂರು ಸರಕಾರವು ಪಾಲುದಾರನಾಗಿ ನಿಂತದ್ದರಿಂದ ವಿಮಾನದ ಕಾರಖಾನೆಯು ಪ್ರಾರಂಭವಾಯಿತು. ಕಾರಖಾನೆಯು ಬಂದ ಎರಡೇ ವರ್ಷಗಳಲ್ಲಿ, ಅಂದರೆ 1942ರಲ್ಲಿ, ವಿಜ್ಞಾನಮಂದಿರದಲ್ಲಿ ವಿಮಾನಶಾಸ್ತ್ರದ ವಿಭಾಗವು ತೆರೆಯಿತು. ಒಬ್ಬ ಧನಿಕ, ಒಂದು ಸರಕಾರ, ಒಂದು ವಿದ್ಯಾಲಯ, ಈ ಮೂವರೂ ಪರಸ್ಪರರ ಕೊರತೆಯನ್ನು ತುಂಬಿದ ಬಗೆಯನ್ನು ತಾವು ಇಲ್ಲಿ ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಮುಂದೆ 1948ರಲ್ಲಿ ದೂರವಾಣಿಯ ಕಾರಖಾನೆ, 1953ರಲ್ಲಿ ಯಂತ್ರೋಪಕರಣಗಳ ಕಾರಖಾನೆ, 1954ರಲ್ಲಿ ವಿದ್ಯುನ್ಮಾನದ ಕಾರಖಾನೆಗಳಾದವು. 1985ರಲ್ಲಿ ಅಮೇರಿಕೆಯ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು ಬಂದಾಗ ನುರಿತ ಕೈಗಳೂ ಕಲಿತ ತಲೆಗಳೂ ಅಲ್ಲಿ ಮೊದಲೇ ಸಿದ್ಧವಾಗಿದ್ದವು. ಪುಣೆಯಲ್ಲಿ 1981ರಲ್ಲಿ ಏಳು ಜನರು ಹುಟ್ಟಿಸಿದ ಇನ್ಫೋಸಿಸ್ ಸಂಸ್ಥೆಯು 1983ರಲ್ಲಿ ಬೆಂಗಳೂರಿಗೆ ಬಂದು ನೆಲೆಯೂರಿತು. 2015ರಲ್ಲಿ ಕರ್ನಾಟಕ ಸರಕಾರವು ನೂತನೋದ್ಯಮಗಳಿಗಾಗಿ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. 2016ರ ಜನವರಿ 16ರಂದು ಕೇಂದ್ರ ಸರಕಾರವೂ ಅದೇ ಉದ್ದೇಶದ ಯೋಜನೆಯನ್ನು ಆರಂಭಿಸಿತು. ನೂರು ವರ್ಷಗಳ ಬೇಸಾಯಕ್ಕೆ ಈಗ ಬಂದ ಬೆಳೆಯು ಇದು. ಬೆಳೆಯನ್ನು ಕಂಡು ಬೇಸಾಯವನ್ನು ಮರೆಯುವದು ಉಚಿತವಲ್ಲ.

ಇನ್ನು ಸಮುದ್ರದಾಚೆಯ ಒಂದು ದೃಷ್ಟಾಂತವು. ಅಮೇರಿಕೆಯ ಪಶ್ಚಿಮ ತೀರದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸುತ್ತಲಿನ ಕಣಿವೆ, ಪೂರ್ವ ತೀರದಲ್ಲಿ ಬೋಸ್ಟನ್ ನಗರದ ಹೊರವಲಯ, ಇವೆರಡೂ ಒಂದು ಕಾಲಕ್ಕೆ ವಿದ್ಯುನ್ಮಾನದ ಉದ್ಯಮದಲ್ಲಿ ಸರಿಸಮಾನವಾಗಿದ್ದವು. ಪಶ್ಚಿಮದಲ್ಲಿ ಫ್ರೆಡರಿಕ್ ಟರ್ಮನ್ನರೆಂಬ ಅಧ್ಯಾಪಕರು ತಮ್ಮ ಶಿಷ್ಯರಾದ ಹ್ಯೂಲೆಟ್ ಮತ್ತು ಪ್ಯಾಕರ್ಡರಿಗೆ ಧೈರ್ಯವನ್ನು ತುಂಬಿದರು. ಆ ಇಬ್ಬರು 1939ರಲ್ಲಿ 538 ಡಾಲರುಗಳ ಬಂಡವಲಿನಿಂದ ಮೋಟಾರು ನಿಲ್ಲಿಸುವ ಒಂದು ಕೊಟ್ಟಿಗೆಯಲ್ಲಿ ಕೆಲಸವನ್ನು ಹೂಡಿದರು. ಮುಂದೆ ಪಶ್ಚಿಮದವರು ಬೆಳೆಯುತ್ತಲೇ ಹೋದರು; ಪೂರ್ವದವರು ಹಿಂದೆ ಬಿದ್ದರು. ಇದಕ್ಕೆ ಕಾರಣವನ್ನು ಅನಾಲೀ ಸ್ಯಾಕ್ಸೇನಿಯನ್ ಎಂಬ ವಿದುಷಿಯು 1994ರಲ್ಲಿ ವಿಚಾರಿಸಿ ನೋಡಿದಳು. ಪೂರ್ವದ ದೊಡ್ಡ ಕಂಪನಿಗಳು ಪ್ರತಿಯೊಂದನ್ನೂ ತಮ್ಮ ಗೋಡೆಯೊಳಗೇ ಮಾಡಿಕೊಂಡು ವಿದ್ಯೆಯನ್ನು ಮುಚ್ಚಿಟ್ಟವು. ಪಶ್ಚಿಮದಲ್ಲಿಯಾದರೋ ಕೆಲಸಗಾರರು ಒಂದು ಸಂಸ್ಥೆಯಿಂದ ಮತ್ತೊಂದಕ್ಕೆ ನಿರಾಯಾಸವಾಗಿ ಹೋಗುತ್ತಿದ್ದರು. ಪ್ರತಿಸ್ಪರ್ಧಿಗಳೇ ಪರಸ್ಪರರಿಂದ ಕಲಿಯುತ್ತಿದ್ದರು. ಒಬ್ಬನು ಬಿದ್ದರೆ ಅವನ ಅನುಭವವು ಮತ್ತೊಬ್ಬನಿಗೆ ಮೆಟ್ಟಿಲಾಗುತ್ತಿದ್ದಿತು. ಸ್ಪರ್ಧೆಯೂ ಸಹಕಾರವೂ ಒಂದೇ ಅಂಗಳದಲ್ಲಿ ಇರಬಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವು ಬೇಡ.

ಇದೆಲ್ಲವೂ ಪರದೇಶದ, ಪರನಗರದ ಮಾತಾಯಿತೆಂದು ತಾವು ಅನ್ನಬಹುದು. ನಮ್ಮ ಸೀಮೆಯ ಹಿರಿಯರು ಇದನ್ನು ಅರಿಯದವರಾಗಿರಲಿಲ್ಲ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ಅದು ನಮ್ಮ ದೇಶದ ಇಂಥ ಸಂಘಗಳ ಮೊದಲ ಪಂಕ್ತಿಯಲ್ಲಿ ನಿಲ್ಲುವಂಥದು. ಮಾರನೆಯ ವರ್ಷ, 1906ರಲ್ಲಿ, ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು ಹುಟ್ಟಿತು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸಂಸ್ಥೆಯನ್ನು ಕಟ್ಟಿದರು. ಅವರ ಕೈಯಲ್ಲಿ ಹಣವಿರಲಿಲ್ಲ, ವಿದ್ಯೆಯಿದ್ದಿತು, ಛಲವಿದ್ದಿತು. ಧನವುಳ್ಳವರು ಧನವನ್ನು ಕೊಟ್ಟರು, ಭೂಮಿಯುಳ್ಳವರು ಭೂಮಿಯನ್ನು ಕೊಟ್ಟರು, ಒಕ್ಕಲಿಗರು ಕಾಳನ್ನು ಕೊಟ್ಟರು, ಮಠಗಳು ಹಳ್ಳಿಯ ಹುಡುಗರಿಗೆ ಅನ್ನವನ್ನೂ ಆಸರೆಯನ್ನೂ ಕೊಟ್ಟವು. ಸಿರಸಂಗಿಯ ಲಿಂಗರಾಜರು ತಮ್ಮ ಆಸ್ತಿಯನ್ನು ಸಮಾಜದ ವಿದ್ಯೆಗಾಗಿ ಬಿಟ್ಟುಹೋದದ್ದನ್ನು ಅರಿಯದವರು ಈ ಸಭೆಯಲ್ಲಿ ಇರಲಾರರು. ಆ ಸಂಸ್ಥೆಗಳೂ ಅವುಗಳ ಕಾಲದ ನೂತನೋದ್ಯಮಗಳೇ ಆಗಿದ್ದವು. ಅವು ಫಲಿಸುವವೆಂಬ ಭರವಸೆಯು ಆಗ ಯಾರಿಗಿದ್ದಿತು?

ಆ ಬೇಸಾಯದ ಫಲವನ್ನು ಇಂದು ಹುಬ್ಬಳ್ಳಿಯಲ್ಲಿ ಕಾಣಬಹುದು. 1947ರಲ್ಲಿ ಅಲ್ಲಿ ಸ್ಥಾಪಿತವಾದ ಇಂಜಿನಿಯರಿಂಗ್ ಕಾಲೇಜು ಈಗ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಗಿರುವದು. ಹುಬ್ಬಳ್ಳಿಯಲ್ಲಿ ಹುಟ್ಟಿ ಅಮೇರಿಕೆಯಲ್ಲಿ ಉದ್ಯಮಗಳನ್ನು ಕಟ್ಟಿದ ಗುರುರಾಜ ದೇಶಪಾಂಡೆಯವರು ಈ ಶತಮಾನದ ಮೊದಲ ದಶಕದಲ್ಲಿ ತಮ್ಮ ಪ್ರತಿಷ್ಠಾನದ ಕಾರ್ಯವನ್ನು ಹುಟ್ಟೂರಿನಲ್ಲಿ ಬೇರೂರಿಸಿದರು. ಹೊಸ ಸಾಹಸಿಗಳಿಗೆ ಸ್ಥಳವನ್ನೂ ಸಲಹೆಯನ್ನೂ ಕೊಡುವ ಕೇಂದ್ರವೂ ಅಲ್ಲಿ ಏರ್ಪಟ್ಟಿತು. 2016ರಲ್ಲಿ ಧಾರವಾಡಕ್ಕೆ ಐ.ಐ.ಟಿ. ಬಂದಿತು. ಬೆಂಗಳೂರಿನ ಹೊರಗೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳ ಕಡೆಗೂ ಇಂಥ ಉದ್ಯಮಗಳು ಹಬ್ಬಬೇಕೆಂದು ಸರಕಾರವು ಯೋಜನೆಯನ್ನು ಹಾಕಿಕೊಂಡಿರುವದು. ಇದೇ ದಾರಿಯಲ್ಲಿ ಮುಂದಿನ ನಿಲುಗಡೆಯು ಬಾಗಲಕೋಟೆ, ಇಳಕಲ್ಲು, ಗುಡೂರು ಏಕಾಗಬಾರದು?

ಸಹಕಾರವೆಂದರೆ ಸಭೆ, ಹಾರ, ಭಾಷಣಗಳಲ್ಲ. ಅದರ ನಿಜವಾದ ಸ್ವರೂಪವು ಹೇಗಿರುವದೆಂಬುದಕ್ಕೆ ನಮ್ಮ ಸೀಮೆಗೆ ಸಂಬಂಧಪಟ್ಟ ಒಂದು ಉದಾಹರಣೆಯನ್ನು ತುಸು ವಿಸ್ತರಿಸಿ ಹೇಳುವೆನು. 1995ರಲ್ಲಿ ಹರೀಶ ಹಂದೆಯವರು ಸೆಲ್ಕೋ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಸೂರ್ಯನ ಬಿಸಿಲಿನಿಂದ ಬಡವರ ಮನೆಗಳಲ್ಲಿ ದೀಪವನ್ನು ಹೊತ್ತಿಸುವದು ಅದರ ಉದ್ದೇಶವು. ಯಂತ್ರವೇನೋ ಇದ್ದಿತು, ಕೊಳ್ಳಬೇಕಾದವರಲ್ಲಿ ಒಮ್ಮೆಲೆ ಕೊಡುವಷ್ಟು ಹಣವಿರಲಿಲ್ಲ. ಹಾಗೆಂದು ಬೆಳಕಿಗಾಗಿ ಅವರು ಏನೂ ವೆಚ್ಚಮಾಡುತ್ತಿರಲಿಲ್ಲವೇ? ಚಿಮಣಿಯೆಣ್ಣೆಗೆಂದು ವಾರವಾರಕ್ಕೆ ಕೊಡುತ್ತಲೇ ಇದ್ದರು. ಆ ವೆಚ್ಚದ ಅಳತೆಗೆ ಸಾಲದ ಕಂತನ್ನು ಹೊಂದಿಸಿದರೆ ಬಡವನೂ ದೀಪದ ಒಡೆಯನಾಗುವನೆಂಬುದು ಹಂದೆಯವರ ಯುಕ್ತಿಯು. ಆದರೆ ಸಾಲವನ್ನು ಯಾರು ಕೊಡಬೇಕು? ಬ್ಯಾಂಕುಗಳಿಗೆ ಹೊಲ ಗೊತ್ತು, ಎಮ್ಮೆ ಗೊತ್ತು. ಬಿಸಿಲಿನ ದೀಪಕ್ಕೆ ಸಾಲ ಕೊಟ್ಟ ರೂಢಿಯು ಇರಲಿಲ್ಲ. ಅಂದಿನ ಮಲಪ್ರಭಾ ಗ್ರಾಮೀಣ ಬ್ಯಾಂಕಿನಂಥ ಗ್ರಾಮೀಣ ಬ್ಯಾಂಕುಗಳು ಧೈರ್ಯಮಾಡಿ ಮುಂದೆ ಬಂದವು. ಕೆಟ್ಟರೆ ದುರಸ್ತಿಮಾಡುವವನು ಹತ್ತಿರದಲ್ಲಿಯೇ ಇರಬೇಕೆಂದು ಸಂಸ್ಥೆಯು ಸ್ಥಳೀಯ ಹುಡುಗರನ್ನೇ ತರಬೇತಿಗೊಳಿಸಿತು. ದೀಪವು ಆರದಿದ್ದರೆ ಕಂತು ನಿಲ್ಲುವದಿಲ್ಲ. ಕಂತು ನಿಲ್ಲದಿದ್ದರೆ ಬ್ಯಾಂಕು ಮತ್ತೆ ಸಾಲವನ್ನು ಕೊಡುವದು. ಬ್ಯಾಂಕು ಕೊಟ್ಟರೆ ಸಂಸ್ಥೆಯು ಬಾಳುವದು. ತಿಂಗಳಿಗೆ ಮುನ್ನೂರು ರೂಪಾಯಿಯ ಕಂತು ಭಾರ, ದಿನಕ್ಕೆ ಹತ್ತು ರೂಪಾಯಿಯಾದರೆ ಹಗುರ ಎಂಬ ಪಾಠವನ್ನು ತಮಗೆ ಬೀದಿಬದಿಯ ವ್ಯಾಪಾರಿಯೊಬ್ಬಳು ಕಲಿಸಿದಳೆಂದು ಹಂದೆಯವರು ಹೇಳುತ್ತ ಬಂದಿರುವರು. ಗ್ರಾಹಕಳೇ ಗುರುವಾದಳು! 2011ರಲ್ಲಿ ಅವರಿಗೆ ರಮಣ ಮ್ಯಾಗ್ಸೆಸೆ ಪ್ರಶಸ್ತಿಯು ಬಂದಿತು. ಪ್ರಶಸ್ತಿಗಿಂತ ದೊಡ್ಡದು ಈ ಸರಪಳಿಯ ರಚನೆಯು. ಇದರಲ್ಲಿ ಯಾರೂ ಇನ್ನೊಬ್ಬರಿಗೆ ಉಪಕಾರ ಮಾಡಲಿಲ್ಲ. ಒಬ್ಬನ ಹಿತವು ಮತ್ತೊಬ್ಬನ ಹಿತದಲ್ಲಿ ಗಂಟುಬಿದ್ದಿತು. ನಿಜವಾದ ಸಹಕಾರವು ಹೀಗಿರುವದು.

ಇನ್ನು ನಮ್ಮ ಮಗ್ಗದ ಕಡೆಗೆ ಬರೋಣ. ಇಳಕಲ್ಲ ಸೀರೆಯು ಒಬ್ಬನ ಕೈಯಿಂದ ಆಗತಕ್ಕದ್ದಲ್ಲವೆಂಬುದನ್ನು ತಮಗೆ ನಾನು ಹೇಳುವದು ಸೂರ್ಯನಿಗೆ ದೀವಟಿಗೆ ಹಿಡಿದಂತೆ. ನೂಲನ್ನು ತರುವವನು ಒಬ್ಬನು, ಬಣ್ಣ ಹಾಕುವವನು ಇನ್ನೊಬ್ಬನು, ಹಾಸನ್ನು ಹೂಡುವವರು ಬೇರೆ, ಕಂಡಿಕೆಯನ್ನು ಸುತ್ತುವ ತಾಯಂದಿರೂ ಮುದುಕಿಯರೂ ಬೇರೆ, ಕುಣಿಮಗ್ಗದಲ್ಲಿ ಕಾಲಿಟ್ಟು ಲಾಳಿಯನ್ನು ಓಡಿಸುವವನು ಬೇರೆ, ಕೊಂಡು ಮಾರುವವನು ಬೇರೆ. ಒಡಲಿನ ಹಾಸು ಒಂದು, ಸೆರಗಿನ ಕೆಂಪು ರೇಶಿಮೆಯ ಹಾಸು ಮತ್ತೊಂದು. ಇವೆರಡನ್ನೂ ಎಳೆಗೆ ಎಳೆಯನ್ನು ಕೊಂಡಿ ಹಾಕಿ ಜೋಡಿಸಿದಾಗಲೇ ತೋಪುತೆನೆಯ ಸೆರಗು ಏಳುವದು. ಒಡಲಿಗೆ ಹತ್ತಿಯೋ ಚಮಕಾ ನೂಲೋ ಇರಲಿ, ಸೆರಗಿಗೆ ರೇಶಿಮೆಯಿರಲಿ, ಕೊಂಡಿಯು ಅವುಗಳ ಜಾತಿಯನ್ನು ಕೇಳುವದಿಲ್ಲ. ಆದರೆ ಒಂದು ಕೊಂಡಿ ತಪ್ಪಿದರೂ ಸೆರಗಿನಲ್ಲಿ ಗೆರೆ ಬೀಳುವದು; ಕೊಳ್ಳುವವಳು ಅದನ್ನು ಬೆರಳಿನಿಂದಲೇ ಕಂಡುಹಿಡಿಯುವಳು.

ಹೀಗೆ ನೂಲಿನಲ್ಲಿ ಇಷ್ಟು ಚೆನ್ನಾಗಿ ಕೊಂಡಿ ಹಾಕಬಲ್ಲ ನಾವು ಮನುಷ್ಯರ ನಡುವೆ ಅದನ್ನು ಹಾಕಿರುವೆವೇ? ಯಾರನ್ನೂ ನೋಯಿಸುವ ಉದ್ದೇಶವು ನನಗಿಲ್ಲ. ಆದರೂ ಇದ್ದ ಮಾತನ್ನು ಹೇಳಬೇಕು. ನೇಕಾರನಿಗೆ ಸೀರೆಯೊಂದಕ್ಕೆ ಮಜೂರಿಯು ಸಿಗುವದು. ಅದೇ ಸೀರೆಯು ಪುಣೆ ಮುಂಬಯಿಗಳಲ್ಲಿ ಯಾವ ಬೆಲೆಗೆ ಹೋಯಿತೆಂಬುದು ಅವನಿಗೆ ತಿಳಿಯದು. ವ್ಯಾಪಾರಸ್ಥನಿಗೂ ಅವನ ದುಃಖವಿರುವದು: ನೂಲಿಗೆ ಮುಂಗಡ ಹಾಕಿ, ಉದ್ದರಿ ಕೊಟ್ಟು, ಮಾರದ ಮಾಲನ್ನು ಅಟ್ಟದ ಮೇಲೆ ಇಟ್ಟುಕೊಂಡು, ಮುಂಗಡ ಪಡೆದವನು ಮತ್ತೊಬ್ಬನ ಮಗ್ಗಕ್ಕೆ ಹೋದನೆಂದು ಅವನು ಕೊರಗುವನು. ವಿದ್ಯುಚ್ಛಕ್ತಿಯ ಮಗ್ಗದ ಸೀರೆಯು ಕೈಮಗ್ಗದ್ದೆಂಬ ಹೆಸರಿನಲ್ಲಿ ಪೇಟೆಗೆ ಬಂದು ಇಬ್ಬರ ಹೊಟ್ಟೆಯ ಮೇಲೂ ಕಲ್ಲನ್ನು ಹಾಕುವದು. ಕಾಲೇಜು ಕಲಿತ ಮಗನಿಗೆ ಮಗ್ಗವು ಅರಿಯದು. ಮಗ್ಗವನ್ನು ಅರಿತ ತಂದೆಗೆ ಲೆಕ್ಕಪತ್ರದ ಹೊಸ ರೀತಿಗಳು ಅರಿಯವು. ಬ್ಯಾಂಕಿನವರು ಕಾಗದವನ್ನು ಕೇಳುವರು. ನೇಕಾರನ ಹತ್ತಿರ ಸೀರೆಯಿರುವದು, ಕಾಗದವಿಲ್ಲ. ಎಳೆಗಳೆಲ್ಲ ಇರುವವು, ಕೊಂಡಿಗಳು ತಪ್ಪಿರುವವು.

ಸರಕಾರವು ಏನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. 1975ರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮವು ಸ್ಥಾಪಿತವಾಯಿತು. 1985ರಲ್ಲಿ ಕೆಲವು ಬಗೆಯ ನೇಯ್ಗೆಗಳನ್ನು ಕೈಮಗ್ಗಕ್ಕೇ ಕಾದಿರಿಸುವ ಕಾಯದೆಯಾಯಿತು. ಇಳಕಲ್ಲ ಸೀರೆಗೆ ಭೌಗೋಳಿಕ ಸೂಚನೆಯ ನೋಂದಣಿಯೂ ದೊರೆತಿರುವದು. ಅಂದರೆ ಈ ಸೀಮೆಯಲ್ಲಿ, ಈ ರೀತಿಯಲ್ಲಿ ನೇಯದ ಸೀರೆಯನ್ನು ಈ ಹೆಸರಿನಿಂದ ಮಾರುವ ಹಕ್ಕು ಯಾರಿಗೂ ಇಲ್ಲ. 2015ರಿಂದ ಆಗಸ್ಟ್ 7ನೆಯ ದಿನವು ರಾಷ್ಟ್ರೀಯ ಕೈಮಗ್ಗ ದಿನವಾಗಿರುವದು. 2019-20ರ ಗಣತಿಯಲ್ಲಿ ದೇಶದಲ್ಲಿ 31 ಲಕ್ಷಕ್ಕೂ ಮಿಕ್ಕಿ ಕೈಮಗ್ಗದ ಕುಟುಂಬಗಳಿರುವವೆಂದು ತಿಳಿದುಬಂದಿತು. ಬೆಂಗಳೂರಿನಲ್ಲಿ ಗೋಕೂಪ್ ಎಂಬ ನೂತನೋದ್ಯಮವು ನೇಕಾರರ ಸಹಕಾರಿ ಸಂಘಗಳ ಮಾಲನ್ನು ಅಂತರಜಾಲದ ಮೂಲಕ ನೇರವಾಗಿ ಕೊಳ್ಳುವವರ ಮುಂದಿಡುವ ಪ್ರಯತ್ನವನ್ನು ಮಾಡಿತು. ಆದರೆ ಕಾಯದೆಯು ತಾನಾಗಿ ನಡೆಯುವ ಯಂತ್ರವಲ್ಲ. ಹೆಸರಿನ ಹಕ್ಕನ್ನು ಕಾಯಲಿಕ್ಕೆ ನೇಯುವವರೂ ಮಾರುವವರೂ ಒಂದಾಗಿ ನಿಂತು ಕೇಳಬೇಕು. ಒಂದಾಗದವರ ಹಕ್ಕು ಬೀಗವಿಲ್ಲದ ಪೆಟ್ಟಿಗೆಯಂತೆ.

ನೇಕಾರರಿಂದ ಇದು ಆಗದೆಂದು ಅನ್ನುವವರಿಗೆ ಇಂಗ್ಲಂಡಿನ ರಾಚ್‌ಡೇಲ್ ಎಂಬ ಊರನ್ನು ತೋರಿಸಬಯಸುವೆನು. 1844ರಲ್ಲಿ ಅಲ್ಲಿ ನೇಕಾರರೇ ಮೊದಲಾದ 28 ಜನ ಕೈಗೆಲಸದವರು ತಲೆಗೊಂದು ಪೌಂಡಿನಂತೆ 28 ಪೌಂಡುಗಳನ್ನು ಕೂಡಿಸಿ, ಡಿಸೆಂಬರ 21ರಂದು ಒಂದು ಸಣ್ಣ ಅಂಗಡಿಯನ್ನು ತೆರೆದರು. ಬೆಣ್ಣೆ, ಸಕ್ಕರೆ, ಹಿಟ್ಟು, ಮೇಣಬತ್ತಿ, ಇಷ್ಟೇ ಅವರ ಮಾಲು. ಕಲಬೆರಕೆಯಿಲ್ಲದ ಪದಾರ್ಥ, ಸರಿಯಾದ ತೂಕ, ಒಬ್ಬನಿಗೆ ಒಂದೇ ಮತ, ಲಾಭದಲ್ಲಿ ಖರೀದಿಯ ಪ್ರಮಾಣಕ್ಕೆ ತಕ್ಕ ಪಾಲು, ಇವು ಅವರ ನಿಯಮಗಳು. ಜಗತ್ತಿನ ಸಹಕಾರಿ ಸಂಘಗಳೆಲ್ಲ ಇಂದಿಗೂ ಆ ನಿಯಮಗಳನ್ನೇ ತಮ್ಮ ತಳಹದಿಯಾಗಿ ಎಣಿಸುವವು. ಅವರ ಬಂಡವಲಿಗಿಂತ ಅವರ ತಕ್ಕಡಿಯು ದೊಡ್ಡದಾಗಿದ್ದಿತು.

ಇಲ್ಲಿ ಎರಡು ಆಕ್ಷೇಪಣೆಗಳಿಗೆ ಉತ್ತರವನ್ನು ಕೊಡಬೇಕಾಗಿರುವದು. ಸ್ಪರ್ಧೆಯೇ ವ್ಯಾಪಾರದ ಪ್ರಾಣವು, ಎಲ್ಲರೂ ಒಂದಾದರೆ ಚುರುಕು ಹೋಗುವದು ಎಂಬುದು ಒಂದು. ಎಲ್ಲದರಲ್ಲಿಯೂ ಒಂದಾಗಬೇಕೆಂದು ನಾನು ಹೇಳುವದಿಲ್ಲ. ನಿಮ್ಮ ಸೆರಗಿನ ಚೆಲುವು, ನಿಮ್ಮ ಅಂಚಿನ ಹೊಸ ಮಾಟ, ನಿಮ್ಮ ಗಿರಾಕಿಯ ಪ್ರೀತಿ, ಇವುಗಳಲ್ಲಿ ಧಾರಾಳವಾಗಿ ಸ್ಪರ್ಧಿಸಿರಿ. ಬಣ್ಣವು ಬಿಡದ ಹಾಗೆ ಪರೀಕ್ಷಿಸುವದು, ನೂಲನ್ನು ಒಟ್ಟಾಗಿ ತರಿಸುವದು, ಹುಸಿ ಸೀರೆಯನ್ನು ತಡೆಯುವದು, ಹುಡುಗರಿಗೆ ಕಲಿಸುವದು, ಇವುಗಳಲ್ಲಿ ಸ್ಪರ್ಧೆಯಿಂದ ಯಾರಿಗೂ ಲಾಭವಿಲ್ಲ. ಬಾವಿಯನ್ನು ಕೂಡಿ ತೋಡಬೇಕು, ಅಡಿಗೆಯನ್ನು ಅವರವರ ಮನೆಯಲ್ಲಿ ಮಾಡಿಕೊಳ್ಳಬೇಕು.

ಮಠವು ವ್ಯಾಪಾರದಲ್ಲಿ ಕೈಹಾಕಬಾರದೆಂಬುದು ಎರಡನೆಯದು. ಅದು ನನಗೂ ಸಮ್ಮತವು. ಮಠವು ಹಣವನ್ನು ತೊಡಗಿಸಬೇಕಾಗಿಲ್ಲ, ಲಾಭದಲ್ಲಿ ಪಾಲನ್ನು ಬೇಡಬೇಕಾಗಿಲ್ಲ. ಆದರೆ ಈ ಸೀಮೆಯಲ್ಲಿ ನೇಕಾರನೂ ವ್ಯಾಪಾರಸ್ಥನೂ ಅಧಿಕಾರಿಯೂ ಅಧ್ಯಾಪಕನೂ ಚಪ್ಪಲಿಯನ್ನು ಹೊರಗೆ ಬಿಟ್ಟು ಒಂದೇ ಚಾಪೆಯ ಮೇಲೆ ಕುಳಿತುಕೊಳ್ಳುವ ಸ್ಥಳವು ಬೇರೆ ಯಾವುದಿರುವದು? ನೂತನೋದ್ಯಮಗಳ ನಗರಗಳಲ್ಲಿ ಇಂಥ ಒಂದು ಚಾಪೆಯನ್ನು ಹಾಸಲಿಕ್ಕೆ ಲಕ್ಷಾವಧಿ ವೆಚ್ಚಮಾಡಿ ಭವನಗಳನ್ನು ಕಟ್ಟುವರು. ನಮ್ಮಲ್ಲಿ ಅದು ಹಿರಿಯರು ಹಾಸಿಟ್ಟದ್ದು. ಇಳಕಲ್ಲ ಶ್ರೀ ವಿಜಯಮಹಾಂತೇಶ ಮಠದ ಲಿಂ. ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆಯನ್ನು ಹಿಡಿದು ಮನೆಮನೆಗೆ ಹೊರಟು, ಹಣವನ್ನಲ್ಲ, ಜನರ ದುಶ್ಚಟಗಳನ್ನು ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುವದು. ದುಶ್ಚಟವನ್ನು ಬೇಡಿದ ಜೋಳಿಗೆಯು ಪರಸ್ಪರರ ಅವಿಶ್ವಾಸವನ್ನೂ ಬೇಡಬಲ್ಲದು. ಕಾಯಕವೂ ದಾಸೋಹವೂ ಜೊತೆಗೂಡಿ ನಡೆಯಬೇಕೆಂಬ ಶರಣರ ಮಾರ್ಗದಲ್ಲಿ ದುಡಿಮೆಯೂ ಹಂಚಿಕೆಯೂ ಎಂದೂ ಬೇರೆಯಾಗಿರಲಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಒಂದು ಕಲ್ಪನೆಯನ್ನು ತಮ್ಮ ಮುಂದಿಡುವೆನು. ನಮ್ಮ ಊರಿನ ನೇಕಾರನೊಬ್ಬನ ಮಗಳು ಹುಬ್ಬಳ್ಳಿಯಲ್ಲಿ ಓದಿ ಬಂದಿರುವಳೆಂದು ಭಾವಿಸೋಣ. ಪ್ರತಿ ಸೀರೆಗೂ ಒಂದು ಸಣ್ಣ ಗುರುತಿನ ಚೀಟಿಯನ್ನು ಹಚ್ಚಿ, ಕೊಂಡವಳು ತನ್ನ ಮೊಬೈಲಿನಲ್ಲಿ ಅದನ್ನು ತೋರಿಸಿದೊಡನೆ ಯಾರು ನೇಯ್ದರು, ಯಾವ ಊರಿನಲ್ಲಿ, ಎಷ್ಟು ದಿನಗಳಲ್ಲಿ, ಎಷ್ಟು ಮಜೂರಿಗೆ ಎಂಬುದು ಕಾಣಿಸುವ ವ್ಯವಸ್ಥೆಯನ್ನು ಮಾಡಬೇಕೆಂಬುದು ಅವಳ ಇಚ್ಛೆಯು. ವಿಚಾರವು ಚೆನ್ನಾದದ್ದು. ಅವಳೊಬ್ಬಳಿಂದಲೇ ಇದು ಆಗುವದೇ? ನೇಕಾರರು ನಿಜವನ್ನು ಬರೆಸಬೇಕು. ವ್ಯಾಪಾರಸ್ಥರು ಮಜೂರಿಯನ್ನು ಬಹಿರಂಗಪಡಿಸಲು ಒಪ್ಪಬೇಕು. ಕಾಲೇಜಿನವರು ಯಂತ್ರದ ಕೆಲಸದಲ್ಲಿ ನೆರವಾಗಬೇಕು. ಬ್ಯಾಂಕಿನವರು ಎರಡು ವರ್ಷ ತಾಳ್ಮೆಯನ್ನು ತೋರಿಸಬೇಕು. ಅಧಿಕಾರಿಗಳು ಹುಸಿ ಚೀಟಿಯನ್ನು ಹಿಡಿದು ದಂಡಿಸಬೇಕು. ಮೊದಲ ನೂರು ಸೀರೆಗಳನ್ನು ಯಾರಾದರೂ ಕೊಳ್ಳಬೇಕು. ಇವರಲ್ಲಿ ಒಬ್ಬರು ಹಿಂದೆ ಸರಿದರೂ ಆ ಹುಡುಗಿಯು ಆರು ತಿಂಗಳಲ್ಲಿ ಬೆಂಗಳೂರಿನ ಬಸ್ಸನ್ನು ಹತ್ತುವಳು; ನಾವು ಮಾತ್ರ ನಮ್ಮ ಹುಡುಗರು ಊರಲ್ಲಿ ನಿಲ್ಲುವದಿಲ್ಲವೆಂದು ಕಟ್ಟೆಯ ಮೇಲೆ ಕುಳಿತು ನಿಟ್ಟುಸಿರು ಬಿಡುವೆವು.

ಆದುದರಿಂದ ಐದು ಸೂಚನೆಗಳನ್ನು ಸಭೆಯ ವಿಚಾರಕ್ಕೆ ಬಿಡುವೆನು. ಮೊದಲನೆಯದು, ತಿಂಗಳಿಗೊಮ್ಮೆ ನಿಶ್ಚಿತವಾದ ದಿನದಂದು ನೇಕಾರರು, ಬಣ್ಣಗಾರರು, ವ್ಯಾಪಾರಸ್ಥರು, ಬ್ಯಾಂಕಿನವರು, ಅಧ್ಯಾಪಕರು ಶ್ರೀಮಠದ ಅಂಗಳದಲ್ಲಿ ಕೂಡಬೇಕು. ಅಲ್ಲಿ ಹಾರವೂ ಬೇಡ, ಭಾಷಣವೂ ಬೇಡ. ಹಿಂದಿನ ತಿಂಗಳು ಒಪ್ಪಿದ್ದು ಆಯಿತೇ ಇಲ್ಲವೇ ಎಂಬುದೊಂದೇ ಪ್ರಶ್ನೆಯು. ಎರಡನೆಯದು, ನೂಲು, ಬಣ್ಣ, ಮಜೂರಿ, ಮಾರಾಟದ ಬೆಲೆ ಇವುಗಳ ಲೆಕ್ಕವು ಎಲ್ಲರ ಕಣ್ಣಿಗೆ ಬೀಳುವಂತೆ ಬರೆದಿರಬೇಕು. ಗುಟ್ಟಾದ ಲೆಕ್ಕದಲ್ಲಿ ಸ್ನೇಹವು ಉಳಿಯದು. ಮೂರನೆಯದು, ಶಕ್ತ್ಯನುಸಾರ ಕೂಡಿಸಿದ ಒಂದು ಸಾಹಸನಿಧಿಯಿರಬೇಕು. ಅದರಿಂದ ಹೊಸ ಪ್ರಯೋಗಕ್ಕೆ ಸ್ವಲ್ಪ ಸ್ವಲ್ಪವಾಗಿ ಹಣವನ್ನು ಕೊಡಬೇಕು. ಪ್ರಯೋಗವು ಪ್ರಾಮಾಣಿಕವಾಗಿ ನಡೆದೂ ಕೆಟ್ಟರೆ ಅವನನ್ನು ಸಾಲಗಾರನೆಂದು ಬೆನ್ನುಹತ್ತಬಾರದು, ಕೆಟ್ಟ ಕಾರಣವನ್ನು ಅವನಿಂದ ಬರೆಯಿಸಿಕೊಂಡು ಎಲ್ಲರಿಗೂ ತಿಳಿಸಬೇಕು. ನಾಲ್ಕನೆಯದು, ಕಾಲೇಜಿನ ಹುಡುಗರು ಬಿಡುವಿನಲ್ಲಿ ಮಗ್ಗದ ಮನೆಗೆ ಬಂದು ಕಲಿಯಬೇಕು, ನೇಕಾರನು ಕಾಲೇಜಿಗೆ ಹೋಗಿ ಗುರುವಿನ ಪೀಠದಲ್ಲಿ ಕುಳಿತು ಕಲಿಸಬೇಕು. ಅವನಿಗೆ ಗೌರವಧನವೂ ಸಲ್ಲಬೇಕು. ಐದನೆಯದು, ಸೀರೆಯ ಮೇಲೆ ನೇಯ್ದವನ ಹೆಸರು ಇರಬೇಕು. ಚಿತ್ರಕ್ಕೆ ಚಿತ್ರಗಾರನ ಹೆಸರು, ಪುಸ್ತಕಕ್ಕೆ ಬರೆದವನ ಹೆಸರು ಇರುವಾಗ, ದಿನಗಟ್ಟಲೆ ಕುಣಿಯಲ್ಲಿ ಕುಳಿತವನು ಅನಾಮಿಕನಾಗಿರುವದು ಯಾವ ನ್ಯಾಯವು?

ಈ ಐದರಲ್ಲಿ ಮೂರನೆಯದೇ ಕಠಿಣವು. ಗೆದ್ದವನ ಮೆರವಣಿಗೆಗೆ ಊರೆಲ್ಲ ಬರುವದು. ಬಿದ್ದವನ ಮನೆಗೆ ಸಾಲ ಕೊಟ್ಟವನೊಬ್ಬನೇ ಬರುವನು. ಈ ಪದ್ಧತಿಯು ಇರುವವರೆಗೆ ನಮ್ಮ ಬುದ್ಧಿವಂತ ಮಕ್ಕಳು ಸಂಬಳದ ನೌಕರಿಯನ್ನೇ ಹುಡುಕುವರು. ಅದಕ್ಕಾಗಿ ಅವರನ್ನು ಹಳಿಯಲಾಗದು. ಬೀಳುವವನನ್ನು ಹಿಡಿಯುವ ಕೈಗಳು ಇಲ್ಲಿಯೂ ಇರುವವೆಂಬ ನಂಬಿಗೆಯು ಅವರಿಗೆ ಬಂದ ದಿನ, ಗುಡೂರಿಗೆ ನಗರವನ್ನು ತರಬೇಕಾಗಿಲ್ಲ. ನಗರಕ್ಕೆ ಹೋದವರೇ ತಮ್ಮ ವಿದ್ಯೆಯೊಡನೆ ಗುಡೂರಿಗೆ ಬರುವರು.

ಇದನ್ನು ಮಾಡಲು ದೊಡ್ಡ ಯೋಜನೆಯು ಬೇಕಾಗಿಲ್ಲ. ಹತ್ತು ಮಗ್ಗಗಳು, ಇಬ್ಬರು ವ್ಯಾಪಾರಸ್ಥರು, ಒಬ್ಬ ಬಣ್ಣಗಾರ, ಒಬ್ಬ ಅಧ್ಯಾಪಕ, ಒಂದು ಬ್ಯಾಂಕಿನ ಶಾಖೆ, ಇಷ್ಟು ಜನರು ಒಂದು ವರ್ಷ ಕೊಟ್ಟ ಮಾತಿಗೆ ತಪ್ಪದೆ ನಡೆದುಕೊಂಡರೆ ಸಾಕು. ಮುಂದಿನ ವರ್ಷದ ಸಭೆಯಲ್ಲಿ ನನ್ನಂಥವನ ಭಾಷಣವನ್ನು ಇಟ್ಟುಕೊಳ್ಳದೆ ಆ ಹತ್ತು ಮಗ್ಗಗಳ ಲೆಕ್ಕವನ್ನು ಓದಿಸಬೇಕೆಂದು ಮಂಡಲಿಯವರಲ್ಲಿ ನನ್ನ ವಿಜ್ಞಾಪನೆಯು. ಆ ಲೆಕ್ಕದಲ್ಲಿ ನಷ್ಟವೇ ಇದ್ದರೂ ಚಿಂತೆಯಿಲ್ಲ. ಅದನ್ನು ಎಲ್ಲರೂ ಕೂಡಿ ಕೇಳಿದರೆ ಅರ್ಧ ಕಾರ್ಯವು ಆದಂತೆಯೇ.